ಸುದ್ದಿ ಬರೆಯುವವರ ಪ್ರಶ್ನೋತ್ತರ: ದಾಖಲೆ, ಕ್ಯಾಮೆರಾ, ನೋಟಿಸು

ಬ್ಲಾಗ್, ಯೂಟ್ಯೂಬ್ ಚಾನೆಲ್, ತಾಲ್ಲೂಕು ಮಟ್ಟದ ಪತ್ರಿಕೆ ನಡೆಸುವವರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವರ ಕಷ್ಟ ಒಂದೇ: ವಿಷಯ ಗೊತ್ತಿದೆ, ಅದನ್ನು ಸಾಬೀತು ಮಾಡುವುದು ಹೇಗೆ, ಬರೆದ ಮೇಲೆ ನಿಲ್ಲುವುದು ಹೇಗೆ? ಈ ಸಂಚಿಕೆಗೆ ಅಂಥವನ್ನೇ ಆರಿಸಿದ್ದೇವೆ. ಕಾನೂನಿನ ಕಲಮುಗಳನ್ನು ಕೊಟ್ಟಿರುವುದು ತಿಳಿವಳಿಕೆಗೆ. ಪ್ರಕರಣ ಬಾಗಿಲಿಗೆ ಬಂದಿದ್ದರೆ ವಕೀಲರನ್ನು ಕಾಣಲೇಬೇಕು.

ಪ್ರಶ್ನೆ: ಎಪಿಎಂಸಿ ಮತ್ತು ಪಂಚಾಯಿತಿ ಆಡಳಿತದ ಬಗ್ಗೆ ಬ್ಲಾಗ್ ಬರೆಯುತ್ತೇನೆ. ಕಚೇರಿಗೆ ಹೋದರೆ ‘ನೀವು ಪತ್ರಕರ್ತರಲ್ಲ, ಕಾರ್ಡ್ ತೋರಿಸಿ’ ಎನ್ನುತ್ತಾರೆ. ಎಲ್ಲಾದರೂ ನೋಂದಣಿ ಮಾಡಿಸಬೇಕೇ? (ರಾಣೆಬೆನ್ನೂರಿನ ಓದುಗರು)

ಬರೆಯಲು ಯಾರ ಕಾರ್ಡೂ ಬೇಕಿಲ್ಲ. ಪತ್ರಿಕಾ ಸ್ವಾತಂತ್ರ್ಯ ಎಂದು ನಮ್ಮ ಸಂವಿಧಾನದಲ್ಲಿ ಪ್ರತ್ಯೇಕ ವಿಧಿಯೇ ಇಲ್ಲ. ದೊಡ್ಡ ಪತ್ರಿಕೆಯ ಸಂಪಾದಕರಿಗೂ ನಿಮಗೂ ಇರುವುದು 19(1)(ಎ) ವಿಧಿಯ ಅದೇ ಅಭಿವ್ಯಕ್ತಿ ಹಕ್ಕು. 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಮುದ್ರಿತ ನಿಯತಕಾಲಿಕಗಳಿಗೆ ಸಂಬಂಧಿಸಿದ್ದು. ವಾರ್ತಾ ಇಲಾಖೆ ಕೊಡುವ ಮಾನ್ಯತೆ ಸರ್ಕಾರಿ ಕಾರ್ಯಕ್ರಮ, ಪತ್ರಿಕಾಗೋಷ್ಠಿಗಳ ಪ್ರವೇಶದಂಥ ಸೌಲಭ್ಯಗಳಿಗಾಗಿ. ಅದು ಬರೆಯುವ ಪರವಾನಗಿಯಲ್ಲ.

ಕಡತ ನೋಡುವ ಹಕ್ಕು ಬರುವುದು ಮಾಹಿತಿ ಹಕ್ಕು ಕಾಯ್ದೆಯಿಂದ. ಅದು ನಾಗರಿಕನಿಗೆ ಇರುವ ಹಕ್ಕು, ಆದ್ದರಿಂದ ಅರ್ಜಿಗೆ ನಿಮ್ಮ ಹೆಸರಿನಲ್ಲೇ ಸಹಿ ಮಾಡಿ. ಬ್ಲಾಗಿನ ಹೆಸರಿನಲ್ಲಿ, ‘ಸಂಪಾದಕರು’ ಎಂಬ ಮೊಹರಿನೊಂದಿಗೆ ಕೊಟ್ಟರೆ ‘ಸಂಸ್ಥೆಗೆ ಮಾಹಿತಿ ಕೊಡಲು ಬರುವುದಿಲ್ಲ’ ಎಂಬ ನೆಪಕ್ಕೆ ದಾರಿಯಾಗುತ್ತದೆ. ಯಾರೋ ಸಂಘದವರು ಹಣ ತೆಗೆದುಕೊಂಡು ಮಾರುವ ‘ಪ್ರೆಸ್’ ಕಾರ್ಡು, ಬೈಕಿಗೆ ಅಂಟಿಸುವ ಸ್ಟಿಕ್ಕರು ಬೇಡವೇ ಬೇಡ. ಆ ಸ್ಟಿಕ್ಕರ್ ತೋರಿಸಿ ಕ್ವಾರಿ ಮಾಲೀಕರ ಬಳಿ ವಸೂಲಿ ಮಾಡುವವರು ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ, ಜನರ ಅನುಮಾನ ನಿಮ್ಮ ಮೇಲೂ ಬೀಳುತ್ತದೆ.

ಪ್ರಶ್ನೆ: ನಮ್ಮ ಊರಿನ ಸಿಸಿ ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತುಬಂದಿದೆ. ‘ಕಳಪೆ ಕಾಮಗಾರಿ’ ಎಂದು ಫೋಟೊ ಹಾಕಿದೆವು, ಯಾರೂ ಕೇಳಲಿಲ್ಲ. ತನಿಖಾ ವರದಿ ಎಂದರೆ ಎಲ್ಲಿಂದ ಶುರು ಮಾಡಬೇಕು? ಯಾವ ದಾಖಲೆ, ಯಾವ ಕ್ರಮದಲ್ಲಿ? (ಹುನಗುಂದ ತಾಲ್ಲೂಕಿನ ಮೂವರು ಗೆಳೆಯರು)

ಕಿತ್ತುಬಂದ ರಸ್ತೆಯ ಫೋಟೊ ದೂರು ಮಾತ್ರ. ಸರ್ಕಾರ ಯಾವ ರಸ್ತೆಗೆ ದುಡ್ಡು ಕೊಟ್ಟಿತು, ನೆಲದ ಮೇಲೆ ಯಾವ ರಸ್ತೆ ಇದೆ ಎಂಬ ಎರಡನ್ನೂ ಅಕ್ಕಪಕ್ಕ ಇಟ್ಟಾಗ ವರದಿ ಹುಟ್ಟುತ್ತದೆ.

ಮೊದಲು ಕಾಮಗಾರಿ ಯಾರದ್ದು ಎಂದು ಪತ್ತೆ ಮಾಡಿ. ಊರೊಳಗಿನ ರಸ್ತೆಯನ್ನು ಗ್ರಾಮ ಪಂಚಾಯಿತಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ಕೆಆರ್‌ಐಡಿಎಲ್ (ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿಯ ಸರ್ಕಾರಿ ನಿಗಮ), ಲೋಕೋಪಯೋಗಿ ಇಲಾಖೆ ಇವರಲ್ಲಿ ಯಾರು ಬೇಕಾದರೂ ಮಾಡಿರಬಹುದು. ಕಾಮಗಾರಿ ಫಲಕ ಇದ್ದರೆ ಅದರಲ್ಲಿ ಯೋಜನೆಯ ಹೆಸರು, ಮೊತ್ತ, ಗುತ್ತಿಗೆದಾರರ ಹೆಸರು ಇರುತ್ತದೆ. ಫಲಕ ಇಲ್ಲದಿದ್ದರೆ ಪಂಚಾಯಿತಿಯ ಕ್ರಿಯಾ ಯೋಜನೆ ನೋಡಿ. ತಪ್ಪು ಕಚೇರಿಗೆ ಅರ್ಜಿ ಹೋದರೂ ಗಾಬರಿ ಬೇಡ: ಮಾಹಿತಿ ಹಕ್ಕು ಕಾಯ್ದೆಯ 6(3) ಕಲಮಿನ ಪ್ರಕಾರ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಹೊಣೆ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಅಂಚೆಯಲ್ಲಾದರೆ ಪೋಸ್ಟಲ್ ಆರ್ಡರ್ ಲಗತ್ತಿಸಿ, ಸ್ಪೀಡ್ ಪೋಸ್ಟ್ ರಸೀದಿ ಜೋಪಾನವಾಗಿಡಿ. ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಪಾಡುಗಳಿವೆ, ಎಷ್ಟೋ ಅರ್ಜಿಗಳು ಇಲ್ಲೇ ಬೀಳುತ್ತವೆ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. ಮೂರನೆಯ ಎಡವಟ್ಟು ಅರ್ಜಿದಾರರದ್ದೇ: ‘ರಸ್ತೆ ಏಕೆ ಕಳಪೆಯಾಗಿದೆ, ಯಾರು ಹೊಣೆ’ ಎಂದು ಕೇಳುವುದು. ಕಚೇರಿ ಕೊಡಬೇಕಾದ್ದು ತನ್ನಲ್ಲಿರುವ ದಾಖಲೆಯನ್ನು, ವಿವರಣೆಯನ್ನಲ್ಲ. ಆದ್ದರಿಂದ ಹೀಗೆ ಬರೆಯಿರಿ:

‘ಇಂಥ ಗ್ರಾಮದ ಇಂಥ ಮನೆಯಿಂದ ಇಂಥ ದೇವಸ್ಥಾನದವರೆಗಿನ ಸಿಸಿ ರಸ್ತೆ ಕಾಮಗಾರಿಗೆ (ಆರ್ಥಿಕ ವರ್ಷ ಇಂಥದ್ದು) ಸಂಬಂಧಿಸಿದ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ: 1. ಅಂದಾಜು ಪಟ್ಟಿ ಮತ್ತು ತಾಂತ್ರಿಕ ಮಂಜೂರಾತಿ. 2. ಕಾರ್ಯಾದೇಶ ಮತ್ತು ಟೆಂಡರ್ ಷರತ್ತುಗಳು. 3. ಅಳತೆ ಪುಸ್ತಕದ ಸಂಬಂಧಿತ ಪುಟಗಳು. 4. ಗುಣಮಟ್ಟ ಪರೀಕ್ಷಾ ವರದಿ. 5. ಪಾವತಿಯಾದ ಬಿಲ್ಲುಗಳು. 6. ಕಾಮಗಾರಿಗೆ ಮುನ್ನ, ನಡುವೆ, ನಂತರ ತೆಗೆದ ಫೋಟೊಗಳು.’

ಇವುಗಳಲ್ಲಿ ಜೀವ ಇರುವುದು ಅಳತೆ ಪುಸ್ತಕದಲ್ಲಿ. ಕಚೇರಿಯಲ್ಲಿ ಎಲ್ಲರೂ ‘ಎಂ.ಬಿ.’ ಎನ್ನುತ್ತಾರೆ. ಎಂಜಿನಿಯರ್ ಅಳೆದು ಬರೆದದ್ದು, ಮೇಲಧಿಕಾರಿ ಮರುಪರಿಶೀಲಿಸಿ ಸಹಿ ಹಾಕಿದ್ದು, ಅದರ ಆಧಾರದ ಮೇಲೆಯೇ ಬಿಲ್ಲು ಆಗಿದ್ದು. ಎಂ.ಬಿ.ಯಲ್ಲಿ 300 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪ ಎಂದಿದ್ದರೆ ಸರ್ಕಾರ ದುಡ್ಡು ಕೊಟ್ಟದ್ದು 135 ಘನ ಮೀಟರ್ ಕಾಂಕ್ರೀಟಿಗೆ. ಈಗ ಟೇಪು ಹಿಡಿಯಿರಿ. ಪ್ರತಿ 20 ಮೀಟರಿಗೆ ಒಂದು ಕಡೆ ಅಗಲ, ಅಂಚು ತೆರೆದಿರುವ ಕಡೆಯೆಲ್ಲ ದಪ್ಪ ಅಳೆದು, ಟೇಪಿನ ಅಂಕಿ ಕಾಣುವ ಹಾಗೆ ಫೋಟೊ ತೆಗೆಯಿರಿ. ಸರಾಸರಿ ದಪ್ಪ 10 ಸೆಂ.ಮೀ. ಬಂದರೆ ನೆಲದ ಮೇಲಿರುವುದು 90 ಘನ ಮೀಟರ್. ಲೆಕ್ಕದಲ್ಲಿ 45 ಘನ ಮೀಟರ್ ಹೆಚ್ಚಿದೆ. ಆ 45ನ್ನು ಬಿಲ್ಲಿನಲ್ಲಿರುವ ದರದಿಂದ ಗುಣಿಸಿದರೆ ನಿಮ್ಮ ವರದಿಯ ತಲೆಬರಹ ಸಿಕ್ಕಿತು.

ಎಚ್ಚರ ಬೇಕಾದ್ದು ಇಲ್ಲೇ. ಅಂಚಿನಲ್ಲಿ ದಪ್ಪ ಕಡಿಮೆ ಇದ್ದು ನಡುವೆ ಸರಿಯಾಗಿರಬಹುದು, ಆದ್ದರಿಂದ ಬಿರುಕು ಬಿಟ್ಟು ಬಾಯ್ದೆರೆದ ನಡುಭಾಗದಲ್ಲೂ ಅಳತೆ ಸಿಗಬೇಕು. ಅದಕ್ಕಾಗಿ ಹಾರೆ ಹಿಡಿದು ರಸ್ತೆ ಒಡೆಯಬೇಡಿ: ಸಾರ್ವಜನಿಕ ಆಸ್ತಿ ಹಾನಿಯ ಪ್ರಕರಣ ನಿಮ್ಮ ಮೇಲೆಯೇ ಬೀಳುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಮು ಕಾಮಗಾರಿಯ ಪರಿಶೀಲನೆಗೂ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದಕ್ಕೂ ಹಕ್ಕು ಕೊಡುತ್ತದೆ. ಅದನ್ನು ಬಳಸುವವರು ತೀರಾ ಕಡಿಮೆ. ನೀವು ಬಳಸಿ, ಅರ್ಜಿಯಲ್ಲೇ ಕೇಳಿ.

ಗುಣಮಟ್ಟ ಪರೀಕ್ಷಾ ವರದಿಯಲ್ಲಿ ದಿನಾಂಕ ನೋಡಿ. ಎಂ20 ಕಾಂಕ್ರೀಟ್ ಎಂದರೆ 150 ಮಿ.ಮೀ. ಘನಾಕೃತಿಯ ಮಾದರಿ 28 ದಿನ ಕಳೆದ ಮೇಲೆ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ಒತ್ತಡ ತಾಳಬೇಕು. ರಸ್ತೆಗೆ ಕಾಂಕ್ರೀಟ್ ಹಾಕಿದ ದಿನದಿಂದ 28 ದಿನ ಆಗುವ ಮೊದಲೇ 28ನೇ ದಿನದ ಫಲಿತಾಂಶ ವರದಿಯಲ್ಲಿದ್ದರೆ, ಆ ಒಂದು ಸಾಲೇ ಒಂದು ಸುದ್ದಿ. ಟೆಂಡರ್ ಷರತ್ತಿನಲ್ಲಿ ದೋಷ ಬಾಧ್ಯತಾ ಅವಧಿ ಎಂದು ಇರುತ್ತದೆ. ಆ ಅವಧಿ ಮುಗಿದಿಲ್ಲವೆಂದರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಬೇಕು. ಊರಿನವರಿಗೆ ಬೇಕಾದ್ದು ಇದೇ ಮಾಹಿತಿ, ವರದಿಗಾರರು ಬಿಟ್ಟುಬಿಡುವುದೂ ಇದನ್ನೇ.

ರಸ್ತೆ ಕಿತ್ತುಬರಲು ಬೇರೆ ಕಾರಣಗಳೂ ಇವೆ: ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಸರಿಯಾಗಿ ಆಗಿಲ್ಲ, ಚರಂಡಿ ಇಲ್ಲದೆ ನೀರು ಅಡಿಗೆ ಹೋಗಿದೆ, ಮರಳಿನ ಟಿಪ್ಪರ್‌ಗಳು ಓಡಾಡಿವೆ. ಆದ್ದರಿಂದ ‘ಲಕ್ಷಾಂತರ ರೂ. ಗುಳುಂ’ ಎಂದು ಬರೆಯಬೇಡಿ. ‘ಬಿಲ್ಲಿನಲ್ಲಿ 15 ಸೆಂ.ಮೀ., ಅಳತೆ ತೆಗೆದ 12 ಕಡೆ ಎಲ್ಲೂ 11 ಸೆಂ.ಮೀ. ದಾಟಿಲ್ಲ’ ಎಂದು ಬರೆಯಿರಿ. ಇದನ್ನು ಅಲ್ಲಗಳೆಯಲು ಅವರೂ ಟೇಪು ಹಿಡಿದು ಬರಬೇಕಾಗುತ್ತದೆ.

ಪ್ರಕಟಿಸುವ ಮೊದಲು ಎಂಜಿನಿಯರ್, ಗುತ್ತಿಗೆದಾರ ಇಬ್ಬರಿಗೂ ಪ್ರಶ್ನೆಗಳನ್ನು ಬರಹದಲ್ಲಿ ಕಳಿಸಿ, ಉತ್ತರಕ್ಕೆ ಕನಿಷ್ಠ ಎರಡು ಮೂರು ಕೆಲಸದ ದಿನ ಕೊಡಿ. ರಾತ್ರಿ ಒಂಬತ್ತಕ್ಕೆ ಒಮ್ಮೆ ಫೋನ್ ಮಾಡಿ ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆಯುವುದು ಪ್ರಾಮಾಣಿಕತೆಯಲ್ಲ. ಉತ್ತರ ಬಂದರೆ ಕೊನೆಯ ಪ್ಯಾರಾಕ್ಕೆ ತಳ್ಳದೆ, ಆರೋಪ ಇರುವ ಜಾಗದಲ್ಲೇ ಕೊಡಿ.

ಮಾಹಿತಿ 30 ದಿನದೊಳಗೆ ಬರಬೇಕು. ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಗಡುವು ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು ಎಂಬ 7(6) ಕಲಮನ್ನು ಮೇಲ್ಮನವಿಯಲ್ಲಿ ನೆನಪಿಸಿ. ಆಯೋಗದಲ್ಲಿ ಸರದಿ ಉದ್ದ, ಆದ್ದರಿಂದ ಮೊದಲ ಮೇಲ್ಮನವಿಯನ್ನೇ ಗಟ್ಟಿಯಾಗಿ ಬರೆಯಿರಿ.

ಈ ದಾರಿ ಸಣ್ಣ ಕಾಮಗಾರಿಗೆ ಮಾತ್ರವಲ್ಲ. ಬಳ್ಳಾರಿ ಅಕ್ರಮ ಗಣಿಗಾರಿಕೆಯ ಬಗ್ಗೆ ನ್ಯಾ. ಸಂತೋಷ್ ಹೆಗ್ಡೆ ಅವರು ಲೋಕಾಯುಕ್ತರಾಗಿ 2011ರ ಜುಲೈನಲ್ಲಿ ಕೊಟ್ಟ ವರದಿಯಲ್ಲೂ ದೊಡ್ಡ ಬಲ ಬಂದದ್ದು ಹೋಲಿಕೆಯಿಂದಲೇ: ಪರವಾನಗಿ ಸಿಕ್ಕ ಅದಿರೆಷ್ಟು, ಬಂದರುಗಳಿಂದ ಹಡಗು ಹತ್ತಿದ ಅದಿರೆಷ್ಟು.

ಪ್ರಶ್ನೆ: ‘ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿ’ ಎಂದು ಫಲಾನುಭವಿಗಳ ಪಟ್ಟಿಯನ್ನೇ ನಿರಾಕರಿಸಿದ್ದಾರೆ. ಈಗ ಕಾನೂನೇ ಬದಲಾಗಿದೆಯಂತೆ, ನಿಜವೇ? (ಚಾಮರಾಜನಗರ)

ನಿಜ. ಮೊದಲು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನಡಿ, ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ಮಾಹಿತಿಯನ್ನಷ್ಟೇ ನಿರಾಕರಿಸಬಹುದಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ನಾಗರಿಕನಿಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಯಾಗಿ, ‘ವೈಯಕ್ತಿಕ ಮಾಹಿತಿ’ ಎಂದಷ್ಟೇ ಉಳಿದಿದೆ. ಪಾರದರ್ಶಕತೆಗೆ ಇದು ದೊಡ್ಡ ಪೆಟ್ಟು.

ಆದರೂ ಎರಡು ಬಾಗಿಲು ತೆರೆದಿವೆ. 8(2) ಕಲಮು ಹಾಗೇ ಇದೆ: ಬಹಿರಂಗಪಡಿಸುವುದರಲ್ಲಿರುವ ಸಾರ್ವಜನಿಕ ಹಿತ ಹಾನಿಗಿಂತ ಹೆಚ್ಚಿದ್ದರೆ ಕೊಡಬಹುದು. ಮೇಲ್ಮನವಿಯಲ್ಲಿ ಆ ಹಿತ ಏನೆಂದು ಖಚಿತವಾಗಿ ಹೇಳಿ: ‘ಒಂದೇ ಕುಟುಂಬಕ್ಕೆ ಎರಡು ಮನೆ ಮಂಜೂರಾಗಿದೆ ಎಂಬ ದೂರಿನ ಪರಿಶೀಲನೆಗೆ’ ಎಂಬಂತೆ. ಇನ್ನೊಂದು, ಸಬ್ಸಿಡಿ ಯೋಜನೆಗಳ ಫಲಾನುಭವಿಗಳ ವಿವರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು ಎನ್ನುವ 4(1)(ಬಿ) ಕಲಮು. ಆಧಾರ್, ಬ್ಯಾಂಕ್ ಖಾತೆ, ಫೋನ್ ಸಂಖ್ಯೆ ಬೇಡ, ಮಸಿ ಬಳಿದು ಕೊಡಿ ಎಂದು ನೀವೇ ಬರೆದುಕೊಟ್ಟರೆ ನಿರಾಕರಣೆಗೆ ಆಧಾರ ಕುಸಿಯುತ್ತದೆ. ಹೇಗೂ ಆ ಸಂಖ್ಯೆಗಳನ್ನು ಪ್ರಕಟಿಸುವ ಅಗತ್ಯ ನಿಮಗಿಲ್ಲ.

ಪ್ರಶ್ನೆ: ಲಂಚ ಕೇಳುವ ಅಧಿಕಾರಿಯನ್ನು ಗುಪ್ತ ಕ್ಯಾಮೆರಾದಲ್ಲಿ ಹಿಡಿಯುವುದು ತಪ್ಪೇ? (ದಾವಣಗೆರೆ)

ಕುಟುಕು ಕಾರ್ಯಾಚರಣೆಯನ್ನು ನಮ್ಮ ನ್ಯಾಯಾಲಯಗಳು ಸಾರಾಸಗಟಾಗಿ ತಳ್ಳಿಹಾಕಿಲ್ಲ. ದೆಹಲಿಯ ಬಿಎಂಡಬ್ಲ್ಯು ಕಾರು ಅಪಘಾತ ಪ್ರಕರಣದ ಸಾಕ್ಷಿಯನ್ನು ಹಿರಿಯ ವಕೀಲರು ತಿರುಗಿಸಲು ಯತ್ನಿಸಿದ್ದನ್ನು ಎನ್‌ಡಿಟಿವಿ ತೋರಿಸಿದಾಗ, 2009ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಸಾರದ ಸಾರ್ವಜನಿಕ ಹಿತವನ್ನು ಒಪ್ಪಿತು. ಆದರೆ ರಜತ್ ಪ್ರಸಾದ್ ಪ್ರಕರಣದಲ್ಲಿ (2014) ಕುಟುಕು ಕಾರ್ಯಾಚರಣೆ ಎಂದ ಮಾತ್ರಕ್ಕೆ ಲಂಚ ಕೊಟ್ಟವರು ವಿಚಾರಣೆಯಿಂದ ತಪ್ಪಿಸಿಕೊಳ್ಳಲಾರರು ಎಂದಿತು. ಉದ್ದೇಶ ಏನಿತ್ತು ಎಂಬುದು ಸಾಕ್ಷ್ಯದಿಂದ ತೀರ್ಮಾನವಾಗಬೇಕು.

2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಮಿನಡಿ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರಬೇಕು. ತನಿಖಾ ಸಂಸ್ಥೆಗೆ ಮೊದಲೇ ತಿಳಿಸಿ, ಅದಕ್ಕೆ ನೆರವಾಗಲು ಕೊಟ್ಟರೆ ರಕ್ಷಣೆಯಿದೆ. ಆದ್ದರಿಂದ ನೋಟು ಕೈಗೆ ಕೊಡುವ ದೃಶ್ಯ ಬೇಕೆಂಬ ಹಟ ಬಿಡಿ. ಲಂಚ ಕೇಳಿಸಿಕೊಂಡ ಅರ್ಜಿದಾರರೇ ಲೋಕಾಯುಕ್ತ ಪೊಲೀಸರಿಗೆ ದೂರು ಕೊಟ್ಟು, ಅವರು ಬಲೆ ಬೀಸಿದ ಮೇಲೆ ವರದಿ ಮಾಡುವುದು ಭದ್ರ ದಾರಿ.

ಕ್ಯಾಮೆರಾ ಬಳಸಲೇಬೇಕಾದ ಸಂದರ್ಭ ಬಂದರೆ: ಬೇರೆ ದಾರಿಯಿಂದ ಈ ಮಾಹಿತಿ ಏಕೆ ಸಿಗುವುದಿಲ್ಲ ಎಂದು ಮೊದಲೇ ಬರೆದಿಟ್ಟು, ಇನ್ನೊಬ್ಬ ಹಿರಿಯರ ಒಪ್ಪಿಗೆ ಪಡೆಯಿರಿ. ಆಮಿಷ ನಿಮ್ಮ ಕಡೆಯಿಂದ ಹೋಗಬಾರದು. ‘ಎಷ್ಟು ಕೊಡಲಿ ಸಾರ್?’ ಎಂದು ನೀವೇ ಶುರು ಮಾಡಿದರೆ ಅದು ಸಾಕ್ಷ್ಯವಲ್ಲ, ಪ್ರಚೋದನೆ. ಕಚೇರಿಯ ವ್ಯವಹಾರ ಬಿಟ್ಟು ಮನೆ, ಆಸ್ಪತ್ರೆ, ಹೆಂಡತಿ ಮಕ್ಕಳತ್ತ ಕ್ಯಾಮೆರಾ ತಿರುಗಬಾರದು. ಕತ್ತರಿಸದ ಮೂಲ ರೆಕಾರ್ಡಿಂಗ್ ಅದೇ ಮೆಮೊರಿ ಕಾರ್ಡಿನಲ್ಲಿರಲಿ, ಎಡಿಟಿಂಗ್ ಪ್ರತಿಯಲ್ಲಿ ಮಾತ್ರ ನಡೆಯಲಿ. ಮೂಲ ಕಡತದ ಹ್ಯಾಶ್ ಸಂಖ್ಯೆಯನ್ನು, ಅಂದರೆ ಕಡತದ ಬೆರಳಚ್ಚಿನಂಥ ಗುರುತನ್ನು, (ಎಸ್‌ಎಚ್‌ಎ-256) ಅಂದೇ ತೆಗೆದು ಬರೆದಿಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಅದನ್ನು ಕೇಳುತ್ತಾರೆ.

2007ರ ಆಗಸ್ಟ್‌ನಲ್ಲಿ ದೆಹಲಿಯ ಒಂದು ವಾಹಿನಿ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ವಿದ್ಯಾರ್ಥಿನಿಯರನ್ನು ವೇಶ್ಯಾವಾಟಿಕೆಗೆ ತಳ್ಳುತ್ತಿದ್ದಾರೆ ಎಂದು ತೋರಿಸಿತು. ಜನ ಶಾಲೆಗೆ ನುಗ್ಗಿ ಆಕೆಯನ್ನು ಹೊಡೆದು ಬಟ್ಟೆ ಹರಿದರು, ಕೆಲಸ ಹೋಯಿತು. ತನಿಖೆಯಲ್ಲಿ ಕಾರ್ಯಾಚರಣೆಯೇ ಕಟ್ಟುಕತೆ ಎಂದು ಗೊತ್ತಾಯಿತು. ವಿದ್ಯಾರ್ಥಿನಿ ಎಂದು ತೋರಿಸಿದ್ದ ಯುವತಿ ವಿದ್ಯಾರ್ಥಿನಿಯೇ ಆಗಿರಲಿಲ್ಲ. ಕೇಂದ್ರ ಸರ್ಕಾರ ವಾಹಿನಿಯ ಪ್ರಸಾರವನ್ನು ಒಂದು ತಿಂಗಳು ನಿಲ್ಲಿಸಿತು. ಪ್ರಸಾರಕ್ಕೆ ಮೊದಲು ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಯುವತಿಯ ಹೆಸರು ಇದೆಯೇ ಎಂದು ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಪ್ರಶ್ನೆ: ವರದಿ ಹಾಕಿ ವಾರವಾಗಿಲ್ಲ, ಒಂದು ಕೋಟಿ ರೂ. ಮಾನನಷ್ಟದ ನೋಟಿಸು ಬಂದಿದೆ. ಅಳಿಸಿಬಿಡಲೇ? (ಶಿವಮೊಗ್ಗ)

ಅಳಿಸುವ ಮೊದಲು ಪ್ರತಿ ಇಟ್ಟುಕೊಳ್ಳಿ: ಪುಟದ ಪಿಡಿಎಫ್, ಸ್ಕ್ರೀನ್‌ಶಾಟ್, ಪ್ರಕಟಣೆಯ ದಿನಾಂಕ, ಸಮಯ. ನೋಟಿಸನ್ನು ಫೇಸ್‌ಬುಕ್ಕಿಗೆ ಹಾಕಿ ಸವಾಲು ಹಾಕಬೇಡಿ, ಅದು ದುರುದ್ದೇಶಕ್ಕೆ ಸಾಕ್ಷಿಯಾಗುತ್ತದೆ. ಗಾಬರಿಯಲ್ಲಿ ಕ್ಷಮೆಯನ್ನೂ ಕೇಳಬೇಡಿ. ನೋಟಿಸಿನಲ್ಲಿರುವ 7 ಅಥವಾ 15 ದಿನದ ಗಡುವು ಅವರ ವಕೀಲರು ಹಾಕಿದ್ದು, ಕಾನೂನಿನದ್ದಲ್ಲ. ಆದರೂ ಅಷ್ಟರೊಳಗೆ ವಕೀಲರ ಮೂಲಕ ಉತ್ತರಿಸುವುದು ಒಳ್ಳೆಯದು.

ನಂತರ ನಿಮ್ಮ ವರದಿಯ ಪ್ರತಿಗೆ ಪೆನ್ಸಿಲ್ ಹಿಡಿಯಿರಿ. ಒಂದೊಂದು ವಾಕ್ಯದ ಪಕ್ಕದಲ್ಲೂ ಆಧಾರ ಬರೆಯಿರಿ: ದಾಖಲೆ, ರೆಕಾರ್ಡಿಂಗ್, ಹೆಸರು ಹೇಳಿ ಮಾತಾಡಿದವರು. ಪಕ್ಕದಲ್ಲಿ ಏನೂ ಇಲ್ಲದ ವಾಕ್ಯವೇ ನಿಮ್ಮ ಅಪಾಯ. ‘ಎನ್ನಲಾಗಿದೆ’, ‘ಆರೋಪ ಕೇಳಿಬಂದಿದೆ’, ತಲೆಬರಹದ ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ, ಇವು ಯಾವುವೂ ಕಾಪಾಡುವುದಿಲ್ಲ. ಬೇರೆಯವರು ಹೇಳಿದ್ದನ್ನು ನೀವು ಪ್ರಕಟಿಸಿದರೆ ಪ್ರಕಟಿಸಿದವರು ನೀವೇ.

ಸಿವಿಲ್ ದಾವೆಯಲ್ಲಿ ಸತ್ಯವೇ ಪೂರ್ಣ ರಕ್ಷಣೆ. ಕ್ರಿಮಿನಲ್ ಮೊಕದ್ದಮೆಯಲ್ಲಿ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ, ಸತ್ಯದ ಜೊತೆಗೆ ಅದರ ಪ್ರಕಟಣೆ ಸಾರ್ವಜನಿಕ ಒಳಿತಿಗಾಗಿತ್ತು ಎಂದೂ ತೋರಿಸಬೇಕು. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಅಥವಾ ಸಮುದಾಯ ಸೇವೆ. ಕಾನೂನಿನ ಲೆಕ್ಕದಲ್ಲಿ ಸದ್ಭಾವನೆ ಎಂದರೆ ಒಳ್ಳೆಯ ಮನಸ್ಸು ಸಾಲದು, ತಕ್ಕ ಎಚ್ಚರ ಮತ್ತು ಗಮನ ಇರಬೇಕು. ಪ್ರಕಟಣೆಗೆ ಮೊದಲು ಕಳಿಸಿದ ಪ್ರಶ್ನಾವಳಿ ಆ ಎಚ್ಚರಕ್ಕೆ ಅತಿ ದೊಡ್ಡ ಪುರಾವೆ.

ಸಿವಿಲ್ ದಾವೆಗೆ ಕಾಲಮಿತಿ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷ. ಆದರೆ ವಿಚಾರಣೆ ಮುಗಿಯಲು ಎಷ್ಟೋ ವರ್ಷ ಹಿಡಿಯುತ್ತದೆ: ಗೌರಿ ಲಂಕೇಶ್ ಅವರಿಗೆ 2008ರ ವರದಿಯೊಂದಕ್ಕೆ ಹುಬ್ಬಳ್ಳಿಯ ನ್ಯಾಯಾಲಯ 6 ತಿಂಗಳ ಸಜೆ ವಿಧಿಸಿದ್ದು 2016ರ ನವೆಂಬರ್‌ನಲ್ಲಿ. ಟಿಪ್ಪಣಿ ಪುಸ್ತಕ, ರೆಕಾರ್ಡಿಂಗ್, ಅಂಚೆ ರಸೀದಿಗಳನ್ನು ಹತ್ತು ವರ್ಷವಾದರೂ ಇಡಿ. ಫೋನ್ ಬದಲಿಸಿದಾಗ ಕಳೆದುಹೋಗುವುದು ಇವೇ.

ಎದುರಿನವರು ನಿಮ್ಮನ್ನು ಕೇಳದೆಯೇ ಏಕಪಕ್ಷೀಯ ತಡೆಯಾಜ್ಞೆ ತರುವ ಸೂಚನೆ ಇದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ) ಹಾಕಿ. 90 ದಿನ ಜೀವ ಇರುತ್ತದೆ, ಬೇಕಾದರೆ ಮತ್ತೆ ಹಾಕಬೇಕು. ಬ್ಲೂಮ್‌ಬರ್ಗ್ ಮತ್ತು ಝೀ ನಡುವಿನ ಪ್ರಕರಣದಲ್ಲಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಲೇಖನದ ವಿರುದ್ಧ ವಿಚಾರಣೆಗೆ ಮುನ್ನ ತಡೆ ಕೊಡುವಾಗ ಅಸಾಧಾರಣ ಎಚ್ಚರ ಬೇಕು ಎಂದಿದೆ. ವಕೀಲರಿಗೆ ಇದನ್ನು ಹೇಳಿ. ಕ್ರಿಮಿನಲ್ ದೂರಿನಲ್ಲೂ ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 223ನೇ ಕಲಮಿನಂತೆ, ಪ್ರಕರಣ ಪರಿಗಣನೆಗೆ ತೆಗೆದುಕೊಳ್ಳುವ ಮೊದಲು ಆರೋಪಿಯ ಮಾತು ಕೇಳಬೇಕು. ಆ ಹಂತದಲ್ಲೇ ದಾಖಲೆಗಳನ್ನು ಮುಂದಿಡುವ ಅವಕಾಶವನ್ನು ಕಳೆದುಕೊಳ್ಳಬೇಡಿ.

ಪ್ರಶ್ನೆ: ಕಚೇರಿಯ ಒಳಗಿನವರೊಬ್ಬರು ಕಡತದ ಫೋಟೊ ಕಳಿಸಿದ್ದಾರೆ. ಅವರ ಹೆಸರು ಹೊರಬಾರದಂತೆ ಹೇಗೆ ಬಳಸಲಿ? (ಊರು ಬೇಡವೆಂದು ಕೇಳಿಕೊಂಡಿದ್ದಾರೆ)

ಮೂಲವನ್ನು ಹೇಳದಿರಲು ಪತ್ರಕರ್ತರಿಗೆ ರಕ್ಷಣೆ ಕೊಡುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15(2) ಕಲಮಿನ ರಕ್ಷಣೆ ಆ ಮಂಡಳಿಯ ಮುಂದೆ ಮಾತ್ರ. ಪೆಗಾಸಸ್ ಬೇಹು ತಂತ್ರಾಂಶದ ಪ್ರಕರಣದಲ್ಲಿ 2021ರ ಅಕ್ಟೋಬರ್ 27ರಂದು ಸುಪ್ರೀಂ ಕೋರ್ಟ್ ಮೂಲಗಳ ರಕ್ಷಣೆಯ ಮಹತ್ವವನ್ನು ಎತ್ತಿಹಿಡಿದಿದೆ, ಆದರೆ ಠಾಣೆಯಿಂದ ಫೋನ್ ಒಪ್ಪಿಸಿ ಎಂಬ ನೋಟಿಸು ಬಂದಾಗ ಅದಷ್ಟೇ ಸಾಕಾಗದು. ನಿಮ್ಮ ಬಳಿ ಇಲ್ಲದ್ದನ್ನು ಯಾರೂ ಕಸಿಯಲಾರರು ಎಂಬ ಲೆಕ್ಕದಲ್ಲಿ ಮೊದಲಿನಿಂದಲೇ ಕೆಲಸ ಮಾಡಿ.

ಅವರು ಕಳಿಸಿದ ಫೋಟೊವನ್ನು ಹಾಗೇ ಹಾಕಲೇಬೇಡಿ. ಟಿಪ್ಪಣಿ ಹಾಳೆಯ ಅಂಚಿನ ಕೈಬರಹ, ಮೇಜಿನ ಗಾಜಿನಡಿಯ ಕ್ಯಾಲೆಂಡರ್, ಮೂಲೆಯಲ್ಲಿ ಕಂಡ ಹೆಬ್ಬೆರಳು, ಜೆರಾಕ್ಸಿನಲ್ಲಿ ಬಂದ ಗೀರು ನೋಡಿಯೇ ಯಾರ ಕೈಯಲ್ಲಿದ್ದ ಪ್ರತಿ ಎಂದು ಕಚೇರಿಯವರು ಗುರುತಿಸುತ್ತಾರೆ. ಇ-ಆಫೀಸ್ ಕಡತವಾದರೆ ಯಾರಿಂದ ಯಾರಿಗೆ ಯಾವಾಗ ಹೋಯಿತು ಎಂಬುದು ನಿಮಿಷದ ಲೆಕ್ಕದಲ್ಲಿ ದಾಖಲಾಗಿರುತ್ತದೆ. ಕಡತ ಅವರ ಮೇಜಿನಲ್ಲಿದ್ದ ದಿನವೇ ಸುದ್ದಿ ಬಂದರೆ ಹೆಸರು ಹೇಳಿದಂತೆಯೇ. ಪಿಡಿಎಫ್ ಆದರೆ ಅದರ ಪ್ರಾಪರ್ಟೀಸ್‌ನಲ್ಲಿ ಹೆಸರಿದೆಯೇ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಗೂಢವಾಗಿದ್ದರೂ ಯಾರು ಯಾರೊಡನೆ ಮಾತಾಡಿದರು ಎಂಬುದು ಗೂಢವಲ್ಲ, ಬ್ಯಾಕಪ್ ಬೇರೆ ಇರುತ್ತದೆ. ಸಿಗ್ನಲ್‌ನಲ್ಲಿ ತಾನಾಗಿ ಅಳಿಯುವ ಸಂದೇಶ ಇಟ್ಟುಕೊಳ್ಳಿ, ಆದಷ್ಟೂ ಮುಖತಃ ಭೇಟಿಯಾಗಿ.

ಕಡತದಲ್ಲಿರುವುದನ್ನು ಮಾಹಿತಿ ಹಕ್ಕಿನಲ್ಲಿ ಅಧಿಕೃತವಾಗಿ ತರಿಸಿಕೊಳ್ಳುವುದು ಉತ್ತಮ ದಾರಿ, ಅದರಲ್ಲೂ ಒಂದು ಹುಷಾರಿ ಬೇಕು. ಕಡತದ ಸಂಖ್ಯೆಯನ್ನೇ ಬರೆದು ಕೇಳಿದರೆ ಒಳಗಿನವರು ಹೇಳಿದ್ದಾರೆ ಎಂದು ಸಾರಿದಂತೆ. ‘ಇಂಥ ವರ್ಷದ ಈ ಬಗೆಯ ಎಲ್ಲ ಮಂಜೂರಾತಿ ಆದೇಶಗಳು’ ಎಂದು ಬಲೆಯನ್ನು ಅಗಲವಾಗಿ ಬೀಸಿ.

ಅವರಿಗೂ ನಿಮಗೂ ಮೊದಲೇ ಸ್ಪಷ್ಟ ಮಾತಾಗಿರಲಿ: ಹೆಸರು ಹಾಕುವಂತಿಲ್ಲವೋ, ಹುದ್ದೆಯನ್ನೂ ಹೇಳುವಂತಿಲ್ಲವೋ, ಕೋರ್ಟ್ ಕೇಳಿದರೆ ಏನು? ಕೊಡಲಾಗದ ಭರವಸೆ ಕೊಡಬೇಡಿ. ಅವರಿಗೆ ಇದರಿಂದ ಏನು ಲಾಭ ಎಂದೂ ಕೇಳಿಕೊಳ್ಳಿ. ಬಡ್ತಿ ತಪ್ಪಿದವರು ಕೊಟ್ಟ ದಾಖಲೆಯೂ ನಿಜವಿರಬಹುದು, ಆದರೆ ಅರ್ಧ ಕಡತ ಮಾತ್ರ ಕೊಟ್ಟಿರಬಹುದು.

ಪ್ರಶ್ನೆ: ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋದ ವಿಡಿಯೊ ಗುಂಪುಗಳಲ್ಲಿ ಬರುತ್ತದೆ. ಅರ್ಧ ಗಂಟೆಯಲ್ಲಿ ಪರಿಶೀಲಿಸುವುದು ಸಾಧ್ಯವೇ? (ಯಲ್ಲಾಪುರ)

ಬಹಳಷ್ಟು ಸಲ ಸಾಧ್ಯ. ಕಳಿಸಿದವರನ್ನು ‘ನೀವೇ ತೆಗೆದದ್ದೇ?’ ಎಂದು ಕೇಳಿ. ಹೌದು ಎಂದರೆ ಮೂಲ ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ವಾಟ್ಸ್‌ಆ್ಯಪ್ ವಿಡಿಯೊ ತೆಗೆದ ಸಮಯ, ಜಾಗದ ವಿವರಗಳನ್ನು ಕಿತ್ತುಹಾಕುತ್ತದೆ. ಅದೇ ಜಾಗದಲ್ಲಿ ತೆಗೆದ ಮುಂದಿನ, ಹಿಂದಿನ ಫೋಟೊಗಳನ್ನೂ ಕೇಳಿ. ನಿಜವಾಗಿ ಅಲ್ಲಿದ್ದವರ ಬಳಿ ಒಂದೇ ಫೋಟೊ ಇರುವುದಿಲ್ಲ.

ಫಾರ್ವರ್ಡ್ ಆದದ್ದಾದರೆ ನಾಲ್ಕೈದು ಚೌಕಟ್ಟುಗಳ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್, ಯಾಂಡೆಕ್ಸ್ ಎರಡರಲ್ಲೂ ಹುಡುಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಹುಡುಕಾಟದಲ್ಲಿ ಏನೂ ಸಿಗಲಿಲ್ಲ ಎಂದರೆ ವಿಡಿಯೊ ಹೊಸದು ಎಂದು ಅರ್ಥವಲ್ಲ, ಅದನ್ನು ಮರೆಯಬೇಡಿ.

ಈಗ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿ. ವಾಹನದ ನೋಂದಣಿ ಸಂಖ್ಯೆ: ಕೆಎ-22 ಬೆಳಗಾವಿ, ಕೆಎ-12 ಮಡಿಕೇರಿ, ಕೆಎ-19 ಮಂಗಳೂರು. ಬಸ್ಸಿನ ಮೇಲಿನ ನಿಗಮದ ಹೆಸರು: ‘ವಾಯವ್ಯ ಕರ್ನಾಟಕ’ ಎಂದಿದ್ದರೆ ಕೊಡಗಿನ ದೃಶ್ಯ ಎಂಬ ಅಡಿಬರಹದ ಮೇಲೆ ಅನುಮಾನ ಪಡಿ. ಅಂಗಡಿ ಫಲಕದಲ್ಲಿ ‘ಹೊಸಪೇಟೆ, ಬಳ್ಳಾರಿ ಜಿಲ್ಲೆ’ ಎಂದಿದ್ದರೆ 2021ರಲ್ಲಿ ವಿಜಯನಗರ ಜಿಲ್ಲೆ ಆಗುವ ಮೊದಲಿನದ್ದಿರಬಹುದು. ಹಳೆಯ ಫಲಕ ಹಾಗೇ ಉಳಿದಿರಲೂಬಹುದು, ಆದ್ದರಿಂದ ಇದು ಸುಳಿವು ಮಾತ್ರ. ಹಿನ್ನೆಲೆಯಲ್ಲಿ ಕೂಗುವವರ ಮಾತು ಕಿವಿಗೊಟ್ಟು ಕೇಳಿ. ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ತುಳು, ಮರಾಠಿ ಯಾವುದೆಂದು ನಮ್ಮವರಿಗೆ ತಕ್ಷಣ ಗೊತ್ತಾಗುತ್ತದೆ, ಯಾವ ತಂತ್ರಾಂಶಕ್ಕಿಂತಲೂ ಬೇಗ.

ಕೊನೆಗೆ ಎರಡು ಫೋನು. ಒಂದು, ಆ ಊರಿನ ಪಂಚಾಯಿತಿಗೋ ತಹಶೀಲ್ದಾರ್ ಕಚೇರಿಗೋ. ಇನ್ನೊಂದು, ಸೇತುವೆ ಹತ್ತಿರದ ಅಂಗಡಿಯವರಿಗೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದ ಮಳೆ ಅಂಕಿ ಕೊಡುತ್ತದೆ. ಅಂದು ಅಲ್ಲಿ 4 ಮಿ.ಮೀ. ಮಳೆ ಎಂದಿದ್ದರೆ ಮೇಲ್ದಂಡೆಯ ಮಳೆ, ಜಲಾಶಯದಿಂದ ಬಿಟ್ಟ ನೀರು ನೋಡಿ, ಅದೂ ಇಲ್ಲವಾದರೆ ವಿಡಿಯೊ ಬಿಡಿ. ಸೇತುವೆ ದಾಟುವ ಜನ ನಿಮ್ಮ ಪೋಸ್ಟು ನೋಡಿ ದಾರಿ ಬದಲಿಸುತ್ತಾರೆ.

ಪ್ರಶ್ನೆ: ಪೋಕ್ಸೊ ಪ್ರಕರಣದಲ್ಲಿ ಬಾಲಕಿಯ ಮುಖ ಮಸುಕು ಮಾಡಿದ್ದೆವು. ಊರು, ಶಾಲೆ, ಆರೋಪಿಯಾದ ಚಿಕ್ಕಪ್ಪನ ಹೆಸರು ಹಾಕಿದ್ದೆವು. ಆದರೂ ತಪ್ಪು ಎನ್ನುತ್ತಿದ್ದಾರೆ. (ಕೊಪ್ಪಳ)

ತಪ್ಪೇ, ಮತ್ತು ಅಪರಾಧ. ಪೋಕ್ಸೊ 23ನೇ ಕಲಮು ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಹಿಡಿಯಲು ನೆರವಾಗುವ ಯಾವುದನ್ನೂ ಪ್ರಕಟಿಸಬಾರದು ಎನ್ನುತ್ತದೆ. ಶಿಕ್ಷೆ 6 ತಿಂಗಳಿಂದ ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಎರಡೂ. ಚಿಕ್ಕಪ್ಪನ ಹೆಸರು ಹಾಕಿದ ಕೂಡಲೇ ಮಗು ಯಾರದೆಂದು ಊರಿಗೆಲ್ಲ ತಿಳಿಯಿತು. ತಂದೆ ತಾಯಿ ಒಪ್ಪಿದರೂ ನಡೆಯದು, ಮಗುವಿನ ಹಿತ ನೋಡಿ ವಿಶೇಷ ನ್ಯಾಯಾಲಯ ಮಾತ್ರ ಅನುಮತಿ ಕೊಡಬಹುದು. ಸಂತ್ರಸ್ತೆ ತೀರಿಹೋಗಿದ್ದರೂ ಗುರುತು ಮುಚ್ಚಿಡಬೇಕೆಂದು 2018ರ ನಿಪುಣ್ ಸಕ್ಸೇನಾ ತೀರ್ಪು ಹೇಳಿದೆ.

ಇಂದೇ ತೆಗೆಯಿರಿ: ವಿಡಿಯೊ, ಥಂಬ್‌ನೇಲ್, ಟ್ಯಾಗ್, ಲಿಂಕಿನೊಳಗಿನ ಪದಗಳು, ಇತರೆ ಪುಟಗಳಲ್ಲಿ ಹಂಚಿದ್ದು. ನೋಡುಗರು ಪ್ರತಿಕ್ರಿಯೆಯಲ್ಲಿ ಹೆಸರು ಬರೆದಿರುತ್ತಾರೆ, ಅವನ್ನೂ. ಪೊಲೀಸರ ಪ್ರಕಟಣೆಯಲ್ಲೇ ಹೆಸರು ಬಂದಿದ್ದರೂ ನೀವು ಹಾಕುವಂತಿಲ್ಲ.

ಪ್ರಶ್ನೆ: ವರದಿಯಲ್ಲಿ ಅಂಕಿ ತಪ್ಪಾಗಿದೆ ಎಂದು ಓದುಗರು ತೋರಿಸಿದರು. ಸದ್ದಿಲ್ಲದೆ ತಿದ್ದಿದರೆ ಸಾಲದೇ? (ಪುತ್ತೂರು)

ಕಾಗುಣಿತವಾದರೆ ಸಾಕು. ಅಂಕಿ, ಹೆಸರು, ಆರೋಪ ಬದಲಾದರೆ ವರದಿಯ ಮೇಲ್ಭಾಗದಲ್ಲೇ ದಿನಾಂಕ ಹಾಕಿ ಏನಿತ್ತು, ಏನಾಯಿತು ಎಂದು ಬರೆಯಿರಿ: ‘ಮೊದಲು 45 ಲಕ್ಷ ಎಂದು ಪ್ರಕಟವಾಗಿತ್ತು; ಕಾರ್ಯಾದೇಶದಲ್ಲಿರುವುದು 4.5 ಲಕ್ಷ.’ ಹಳೆಯ ಪುಟದ ಪ್ರತಿ ಯಾರ ಬಳಿಯಾದರೂ ಇರುತ್ತದೆ, ಗುಟ್ಟಾಗಿ ತಿದ್ದಿದ್ದು ಬಯಲಾದರೆ ಉಳಿದ ಸರಿಯಾದ ಅಂಕಿಗಳನ್ನೂ ಜನ ನಂಬುವುದಿಲ್ಲ. ಮೊದಲ ವರದಿ ಹಂಚಿದ ಗುಂಪುಗಳಿಗೆಲ್ಲ ತಿದ್ದುಪಡಿಯನ್ನೂ ಹಂಚಿ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಬಗ್ಗೆ ಟಿವಿಯಲ್ಲಿ, ಪತ್ರಿಕೆಯಲ್ಲಿ, ಒಂದು ವೆಬ್‌ಸೈಟಿನಲ್ಲಿ ಸುಳ್ಳು ಸುದ್ದಿ ಬಂದಿದೆ. ಎಲ್ಲಿ ದೂರಬೇಕು? (ಮಂಡ್ಯ)

ಮೂರಕ್ಕೂ ಬೇರೆ ಬೇರೆ ಬಾಗಿಲು. ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆದು, ಸರಿಪಡಿಸದಿದ್ದರೆ ಪ್ರೆಸ್ ಕೌನ್ಸಿಲ್‌ಗೆ. ದಿನಪತ್ರಿಕೆ, ವಾರಪತ್ರಿಕೆಗೆ ಪ್ರಕಟಣೆಯಿಂದ 2 ತಿಂಗಳು, ಉಳಿದವಕ್ಕೆ 4 ತಿಂಗಳು. ಅದು ಎಚ್ಚರಿಕೆ ಕೊಡಬಹುದು, ಖಂಡಿಸಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಟಿವಿಗೆ ಗಡುವು ತೀರಾ ಕಡಿಮೆ: ಎನ್‌ಬಿಡಿಎ (ಸುದ್ದಿ ವಾಹಿನಿಗಳ ಸಂಘ) ಸದಸ್ಯ ವಾಹಿನಿಯಾದರೆ ಪ್ರಸಾರವಾದ 7 ದಿನದೊಳಗೆ ವಾಹಿನಿಗೇ ದೂರು, ಸಮಾಧಾನವಾಗದಿದ್ದರೆ ನಂತರದ 14 ದಿನದೊಳಗೆ ಆ ಸಂಘದ ದೂರು ಪ್ರಾಧಿಕಾರವಾದ ಎನ್‌ಬಿಡಿಎಸ್‌ಎಗೆ. ಹಾಗಾಗಿ ಟಿವಿಯಿಂದಲೇ ಶುರು ಮಾಡಿ. ಪ್ರಸಾರದ ದಿನ, ಗಂಟೆ, ನಿಮಿಷ ಬರೆದು, ಯೂಟ್ಯೂಬಿನಲ್ಲಿರುವ ಪ್ರತಿಯನ್ನು ಅವರು ತೆಗೆಯುವ ಮೊದಲೇ ಇಳಿಸಿಕೊಳ್ಳಿ. ವೆಬ್‌ಸೈಟಿನ ಕುಂದುಕೊರತೆ ಅಧಿಕಾರಿಯ ಹೆಸರು ಪುಟದ ತಳದಲ್ಲಿ ಇದ್ದರೆ ಅವರಿಗೆ ಬರೆಯಿರಿ. ಇಲ್ಲದಿದ್ದರೆ ಸಂಪಾದಕರ ಇಮೇಲಿಗೇ ಕಳಿಸಿ.

ಮೂರು ಕಡೆಗೂ ಒಂದೇ ಉದ್ದನೆಯ ಪತ್ರ ಬೇಡ. ಸುಳ್ಳಾದ ವಾಕ್ಯವನ್ನು ಅವರದೇ ಮಾತಿನಲ್ಲಿ ಉದ್ಧರಿಸಿ, ಅದರ ಕೆಳಗೆ ನಿಮ್ಮ ದಾಖಲೆ ಹೇಳುವುದನ್ನು ಬರೆದು, ಲೆಕ್ಕಪರಿಶೋಧನಾ ವರದಿಯ ಸಂಬಂಧಿತ ಪುಟವನ್ನಷ್ಟೇ ಲಗತ್ತಿಸಿ.